ಅದಿರನ್ನೂ 'ವಿನ್' ಮಾಡುವ ಇಂಗ್ಲಿಷ್

'ವಿ ವನ್ ಸಿರುಗುಪ್ಪ ಟೀಮ್.'

ಬಳ್ಳಾರಿಯಲ್ಲಿ ನಾನು ಪದವಿ ಮತ್ತು ಸ್ಪರ್ಧಾತ್ಮಕ ಪರೀಕ್ಷೆಯ ಹುಡುಗ ಹುಡುಗಿಯರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಪ್ರತಿ ಬ್ಯಾಚಿನಲ್ಲೂ ಯಾರಾದರೊಬ್ಬರು ಈ ವಾಕ್ಯ ಬರೆದೇ ಬರೆಯುತ್ತಾರೆ. ಊರಿನ ಹೆಸರು ಮಾತ್ರ ಬದಲಾಗುತ್ತದೆ. ಒಮ್ಮೆ ಕುರುಗೋಡು, ಒಮ್ಮೆ ಮಾನ್ವಿ, ಒಮ್ಮೆ ಗಂಗಾವತಿ. ಮೇಲೆ ಮೇಲೆ ನೋಡಿದರೆ ವಾಕ್ಯದಲ್ಲಿ ತಪ್ಪು ಕಾಣುವುದಿಲ್ಲ. ಕರ್ತೃ ಇದೆ, ಕ್ರಿಯಾಪದ ಇದೆ, ಕರ್ಮ ಇದೆ, ಕಾಲವೂ ಸರಿ. ಆದರೆ ಇಂಗ್ಲಿಷ್ ಮನೆಮಾತಿನವರು ಓದಿದರೆ ನಗುತ್ತಾರೆ. ಅವರಿಗೆ ಕೇಳಿಸುವುದು ಹೀಗೆ: ಸಿರುಗುಪ್ಪದ ಹನ್ನೊಂದು ಜನರನ್ನು ಯಾರೋ ಬಹುಮಾನಕ್ಕೆ ಇಟ್ಟಿದ್ದರು, ನಾವು ಆಡಿ ಅವರನ್ನು ಮನೆಗೆ ಕರೆದುಕೊಂಡು ಬಂದೆವು.

ತಪ್ಪು ಹುಡುಗರದ್ದಲ್ಲ, ನಮ್ಮ 'ಗೆಲ್ಲು' ಎಂಬ ಧಾರಾಳ ಪದದ್ದು. ಕನ್ನಡದಲ್ಲಿ ಪಂದ್ಯ ಗೆಲ್ಲುತ್ತೇವೆ, ಕಪ್ ಗೆಲ್ಲುತ್ತೇವೆ, ಎದುರಾಳಿಯನ್ನು ಗೆಲ್ಲುತ್ತೇವೆ. ಅವರ ಮೇಲೆ ಗೆಲ್ಲುತ್ತೇವೆ, ಅವರ ವಿರುದ್ಧವೂ ಗೆಲ್ಲುತ್ತೇವೆ. ಕೋಪವನ್ನು ಗೆದ್ದವರೂ ಇದ್ದಾರೆ. ಒಂದೇ ಕ್ರಿಯಾಪದ ಎಲ್ಲ ಕೆಲಸ ಮಾಡುತ್ತದೆ. ಇಂಗ್ಲಿಷ್ ಈ ಕೆಲಸವನ್ನು ಹಂಚಿಬಿಟ್ಟಿದೆ. ಪಂದ್ಯ, ಬಹುಮಾನ, ಚುನಾವಣೆ, ಕೇಸು, ಪದಕ ಇವೆಲ್ಲ 'ವಿನ್' ಪಾಲಿಗೆ. ಎದುರಿಗೆ ನಿಂತ ಮನುಷ್ಯ ಅಥವಾ ತಂಡ 'ಬೀಟ್' ಅಥವಾ 'ಡಿಫೀಟ್' ಪಾಲಿಗೆ. 'ವಿ ವನ್ ದ ಮ್ಯಾಚ್' ಸರಿ. 'ವಿ ಬೀಟ್ ಸಿರುಗುಪ್ಪ' ಸರಿ. ಇವೆರಡನ್ನು ಅದಲುಬದಲು ಮಾಡಿದರೆ ಕೆಡುತ್ತದೆ.

ಬಳ್ಳಾರಿಯಲ್ಲಿ ಇದು ಇನ್ನೂ ಸ್ವಲ್ಪ ಗೋಜಲು. ಇಲ್ಲಿನ ಮಕ್ಕಳ ತಲೆಯಲ್ಲಿ ಒಂದೇ ಭಾಷೆ ಇರುವುದಿಲ್ಲ. ಆಂಧ್ರದ ಗಡಿಯ ಕಡೆಯಿಂದ ಬರುವವರ ಮನೆಮಾತು ತೆಲುಗು. ಅಲ್ಲಿಯೂ 'ಗೆಲುಚು' ನಮ್ಮ ಗೆಲ್ಲುವಿನಷ್ಟೇ ಧಾರಾಳಿ. ಕೌಲ್ ಬಜಾರಿನ ಉರ್ದು ಮಾತಿನ ಹುಡುಗರು ಮನೆಯಲ್ಲಿ 'ಉನ್ಸೆ ಜೀತೆ' ಎನ್ನುತ್ತಾರೆ. ಆ 'ಸೆ' ಇಂಗ್ಲಿಷಿಗೆ ಬರುವಾಗ 'ಫ್ರಮ್' ಆಗುತ್ತದೆ: 'ವಿ ವನ್ ಫ್ರಮ್ ದೆಮ್.' ಕನ್ನಡದವರ 'ಮೇಲೆ ಗೆದ್ವಿ' ಎಂಬುದು 'ವನ್ ಆನ್ ದೆಮ್' ಆಗುತ್ತದೆ. ಹೀಗಾಗಿ ಒಂದೇ ತಪ್ಪಿನ ಮೂರು ವೇಷ ನನ್ನ ಮೇಜಿಗೆ ಬರುತ್ತವೆ. ಉತ್ತರ ಪತ್ರಿಕೆ ನೋಡಿಯೇ ಮನೆಮಾತು ಯಾವುದು ಎಂದು ಊಹಿಸಬಹುದು!

ಇದಕ್ಕೆ ಮದ್ದು ಕನ್ನಡದಲ್ಲೇ ಇದೆ. ನಮ್ಮಲ್ಲಿ 'ಸೋಲಿಸು' ಎಂಬ ಪದವೂ ಇದೆ, ಅಲ್ವಾ? ಇಂಗ್ಲಿಷಿನಲ್ಲಿ ಬರೆಯುವ ಮೊದಲು 'ಗೆದ್ದ' ಎಂಬಲ್ಲಿ 'ಸೋಲಿಸಿದ' ಹಾಕಿ ನೋಡಿ. 'ಸಿರುಗುಪ್ಪದವರನ್ನು ಸೋಲಿಸಿದೆವು' ಸರಿಯಾಗಿ ಕೂರುತ್ತದೆ, ಹಾಗಾಗಿ 'ಬೀಟ್'. 'ಕಪ್ಪನ್ನು ಸೋಲಿಸಿದೆವು' ಎಂದರೆ ಯಾರೂ ಒಪ್ಪುವುದಿಲ್ಲ, ಹಾಗಾಗಿ 'ವಿನ್'. ಪರೀಕ್ಷೆಯ ಹಾಲಿನಲ್ಲಿ ಎರಡು ಸೆಕೆಂಡಿನ ಕೆಲಸ. ವ್ಯಾಕರಣದ ನಿಯಮ ಮರೆತುಹೋದರೂ ಇದು ಮರೆಯುವುದಿಲ್ಲ.

ಆಗ ಒಂದು ಪ್ರಶ್ನೆ ಬರುತ್ತದೆ. 'ಬೀಟ್ ಅಂದ್ರೆ ಹೊಡೆಯೋದು ಅಲ್ವಾ ಸರ್?' ಹೌದು. ಅದರಲ್ಲಿ ವಿಚಿತ್ರವೇನೂ ಇಲ್ಲ. ನಮ್ಮ ಪತ್ರಿಕೆಗಳ ಕ್ರೀಡಾಪುಟ ತೆಗೆಯಿರಿ. 'ಬಗ್ಗುಬಡಿದ ಭಾರತ' ಎಂಬ ತಲೆಬರಹ ಎಷ್ಟು ಸಲ ಬಂದಿಲ್ಲ? ಅಲ್ಲೂ ಯಾರೂ ಯಾರಿಗೂ ಕೈ ಮಾಡಿರುವುದಿಲ್ಲ. ಒಂದು ಎಚ್ಚರಿಕೆ ಸಾಕು. ಬೀಟ್ ಪದದ ಭೂತಕಾಲವೂ ಬೀಟ್, 'ಬೀಟೆಡ್' ಎಂಬುದು ಇಲ್ಲ. ನಾವು ಸೋತಾಗ 'ವಿ ವರ್ ಬೀಟನ್'.

ಈಗ ನನಗೆ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಸಂಡೂರಿನ ಕಡೆ ಗಣಿ ಕಚೇರಿಯೊಂದರಲ್ಲಿ ಕೆಲಸ ಮಾಡುವ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಕಾಗದ ತಂದು ತೋರಿಸಿದ. 'ಸರ್, ಇದರಲ್ಲಿ ವಿನ್ನಿಂಗ್ ಮಿನರಲ್ ಅಂತ ಇದೆ. ಇಲ್ಲಿ ಯಾರು ಗೆದ್ದರು, ಯಾರು ಸೋತರು?' ಅದು ಅಚ್ಚಿನ ತಪ್ಪಲ್ಲ. 1957ರ ಗಣಿ ಮತ್ತು ಖನಿಜ ಕಾಯ್ದೆಯ 3ನೇ ಸೆಕ್ಷನ್ನಿನಲ್ಲಿ ಗಣಿಗಾರಿಕೆ ಎಂದರೇನು ಎಂದು ಹೇಳುವ ಕಡೆ ಈ ಪದವೇ ಇದೆ. ಯಾವುದೇ ಖನಿಜವನ್ನು 'ವಿನ್' ಮಾಡುವ ಸಲುವಾಗಿ ನಡೆಸುವ ಕೆಲಸವೇ ಗಣಿಗಾರಿಕೆ ಎಂದು ಕಾಯ್ದೆ ಹೇಳುತ್ತದೆ. ಅಂದರೆ ನೆಲದಿಂದ ಅಗೆದು ಹೊರಗೆ ತೆಗೆಯುವುದು. ಸಂಡೂರಿನ ಕಬ್ಬಿಣದ ಅದಿರನ್ನೂ 'ವಿನ್' ಮಾಡುತ್ತಾರೆ, ರಾಯಚೂರು ಜಿಲ್ಲೆಯ ಹಟ್ಟಿಯ ಚಿನ್ನವನ್ನೂ 'ವಿನ್' ಮಾಡುತ್ತಾರೆ. ಎದುರಾಳಿ ಯಾರೂ ಇಲ್ಲ. ಬಂಡೆ ಇದೆ, ಬೆವರು ಇದೆ, ಕೊನೆಗೆ ಕೈಗೆ ಬಂದ ಅದಿರು ಇದೆ.

ಇದು ಕಾನೂನಿನವರು ಹುಟ್ಟಿಸಿದ ಅರ್ಥವಲ್ಲ, ಪದದ ಹಳೆಯ ಅರ್ಥಕ್ಕೇ ಹತ್ತಿರವಾದದ್ದು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ 'ವಿನ್ನನ್' ಎಂಬ ಕ್ರಿಯಾಪದವಿತ್ತು. ದುಡಿ, ಹೆಣಗಾಡು, ಹೋರಾಡು ಎಂಬುದು ಅದರ ಅರ್ಥ. ಹೆಣಗಾಡಿ ಪಡೆ ಎಂಬ ಅರ್ಥ ಮುಂದೆ ಗಟ್ಟಿಯಾಯಿತು. ಅದರ ನೆಂಟ ಜರ್ಮನ್ ಭಾಷೆಯಲ್ಲಿ 'ಗೆವಿನ್ನೆನ್'. ಅಲ್ಲಿ ಇಂದಿಗೂ ಪಂದ್ಯ ಗೆಲ್ಲುವುದಕ್ಕೂ ಅದಿರು ತೆಗೆಯುವುದಕ್ಕೂ ಅದೇ ಪದ. ಇಂಗ್ಲಿಷಿನಲ್ಲಿ ಮನೆ ನಡೆಸುವ ದುಡಿಮೆಗಾರನಿಗೆ 'ಬ್ರೆಡ್‌ವಿನ್ನರ್' ಎನ್ನುತ್ತಾರೆ. ಅವನೂ ರೊಟ್ಟಿಯ ಜೊತೆ ಕುಸ್ತಿ ಆಡಿದವನಲ್ಲ. ದುಡಿದು ರೊಟ್ಟಿ ತಂದವನು.

ಹೀಗೆ ನೋಡಿದರೆ ಮೊದಲ ವಾಕ್ಯದ ಗುಟ್ಟು ತಾನಾಗಿ ಬಿಚ್ಚುತ್ತದೆ. 'ವಿನ್' ಪದದ ಕಣ್ಣು ಎದುರಾಳಿಯ ಮೇಲಿಲ್ಲ, ಕೈಗೆ ಸಿಕ್ಕ ವಸ್ತುವಿನ ಮೇಲಿದೆ. ಅದರ ಮುಂದೆ ಸಿಕ್ಕಿದ್ದನ್ನು ಹೇಳಬೇಕು, ಸೋತವರನ್ನಲ್ಲ. ಆ ಗಣಿ ಕಾಗದ ಬಂದ ಮೇಲೆ ನಾನು ಪಾಠವನ್ನು ಅಲ್ಲಿಂದಲೇ ಶುರು ಮಾಡುತ್ತೇನೆ. ಸಂಡೂರು, ತೋರಣಗಲ್ಲಿನ ಮಕ್ಕಳಿಗೆ ಅದಿರಿನ ಲಾರಿ ಗೊತ್ತು. ನಿಘಂಟಿನ ಹತ್ತು ಅರ್ಥ ಬಾಯಿಪಾಠ ಮಾಡುವುದಕ್ಕಿಂತ ಇದು ಬೇಗ ತಲೆಗೆ ಹೋಗುತ್ತದೆ.

ಬೆಳ್ಳಿ ಪದಕದ ಪ್ರಶ್ನೆಗೂ ಇಲ್ಲೇ ಉತ್ತರ ಸಿಗುತ್ತದೆ. 2016ರ ರಿಯೋ ಒಲಿಂಪಿಕ್ಸಿನಲ್ಲಿ ಪಿ.ವಿ. ಸಿಂಧು ಫೈನಲಿನಲ್ಲಿ ಸ್ಪೇನಿನ ಕರೊಲಿನಾ ಮರಿನ್ ಎದುರು ಸೋತರು. ಆದರೂ ಇಂಗ್ಲಿಷ್ ಪತ್ರಿಕೆಗಳು 'ಸಿಂಧು ವಿನ್ಸ್ ಸಿಲ್ವರ್' ಎಂದು ಬರೆದವು. ಸೋತವರು ಗೆದ್ದದ್ದು ಹೇಗೆ? ಪಂದ್ಯ ಹೋಯಿತು, ಪದಕ ಕೈಗೆ ಬಂತು. 'ವಿನ್' ಪದಕ್ಕೆ ಅಷ್ಟೇ ಸಾಕು. ಈಗ ಕನ್ನಡ ಪತ್ರಿಕೆಗಳೂ 'ಬೆಳ್ಳಿ ಗೆದ್ದ' ಎಂದು ಬರೆಯುತ್ತವೆ. ನನಗೆ ಅದರಲ್ಲಿ ತಕರಾರಿಲ್ಲ.

ಹಾಗಂತ ಎಲ್ಲವೂ ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ಟಾಸ್ ಗೆಲ್ಲುವುದರಲ್ಲಿ ಯಾವ ದುಡಿಮೆ? ಲಾಟರಿಯಲ್ಲಿ? ಅಲ್ಲೂ 'ವಿನ್' ಪದವೇ ಬಳಕೆಯಲ್ಲಿದೆ. ದುಡಿಮೆಯ ಅರ್ಥ ಅಲ್ಲಿ ಉದುರಿಹೋಗಿದೆ, ಪಡೆಯುವ ಅರ್ಥ ಮಾತ್ರ ಉಳಿದಿದೆ.

ಇನ್ನೊಂದು ಸಣ್ಣ ಗುಂಡಿ ಇದೆ, ಅದರಲ್ಲಿ ಜಾಣರೇ ಬೀಳುತ್ತಾರೆ. ಅದು 'ವಿನ್ ಓವರ್'. 1983ರ ಜೂನ್ 25ರಂದು ಲಾರ್ಡ್ಸ್ ಮೈದಾನದಲ್ಲಿ ಭಾರತ ವೆಸ್ಟ್ ಇಂಡೀಸ್ ತಂಡವನ್ನು ಸೋಲಿಸಿ ವಿಶ್ವಕಪ್ ಪಡೆಯಿತು. ನಮ್ಮ ರೋಜರ್ ಬಿನ್ನಿ, ಸಯ್ಯದ್ ಕಿರ್ಮಾನಿ ಇದ್ದ ತಂಡ ಅದು. 'ಇಂಡಿಯಾಸ್ ವಿನ್ ಓವರ್ ವೆಸ್ಟ್ ಇಂಡೀಸ್' ಎಂದರೆ ಸರಿ, ಅಲ್ಲಿ 'ವಿನ್' ನಾಮಪದ. 'ಇಂಡಿಯಾ ವನ್ ಓವರ್ ವೆಸ್ಟ್ ಇಂಡೀಸ್' ಎಂದರೆ ಕಥೆಯೇ ಬೇರೆ. ಭಾರತ ಅವರ ಮನಸ್ಸು ಗೆದ್ದಿತು, ಸಮಾಧಾನದ ಮಾತಾಡಿ ತನ್ನ ಕಡೆಗೆ ಒಲಿಸಿಕೊಂಡಿತು ಎಂದಾಗುತ್ತದೆ. ಚುನಾವಣೆಯಲ್ಲಿ ಬಂಡಾಯದವರನ್ನು ಕೊನೆಯ ದಿನ ಕೂರಿಸಿಕೊಂಡು ಮಾತಾಡಿ ನಾಮಪತ್ರ ವಾಪಸ್ ತೆಗೆಸುತ್ತಾರಲ್ಲ, ಅದು ಅಪ್ಪಟ 'ವಿನ್ ಓವರ್'.

ಅಂತರ ಹೇಳುವಾಗ 'ಬೈ' ಬಳಸಬೇಕು. 1983ರ ಗೆಲುವು 'ಬೈ 43 ರನ್ಸ್'. 2011ರಲ್ಲಿ ವಾಂಖೆಡೆಯಲ್ಲಿ ಶ್ರೀಲಂಕಾ ಎದುರಿನ ಗೆಲುವು 'ಬೈ 6 ವಿಕೆಟ್ಸ್'. 'ವಿತ್ 43 ರನ್ಸ್' ಎಂದು ಬರೆಯುವವರು ಜಾಸ್ತಿ, ಅದು ತಪ್ಪು. ರನ್ನಿನ ಅಂತರ ಎಂದರೆ ಮೊದಲು ಬ್ಯಾಟ್ ಮಾಡಿದವರು ಗೆದ್ದರು, ವಿಕೆಟ್ಟಿನ ಅಂತರ ಎಂದರೆ ಬೆನ್ನಟ್ಟಿದವರು ಗೆದ್ದರು. ಇದನ್ನು ನಾನು ಹುಡುಗರಿಗೆ ಹೇಳಿಕೊಡಬೇಕಾಗಿಲ್ಲ, ಅವರೇ ನನಗೆ ಹೇಳುತ್ತಾರೆ. 2025ರ ಜೂನ್ 3ರಂದು ಆರ್‌ಸಿಬಿ ಅಹಮದಾಬಾದಿನಲ್ಲಿ ಪಂಜಾಬ್ ತಂಡವನ್ನು 6 ರನ್ನಿನಿಂದ ಸೋಲಿಸಿ ಹದಿನೆಂಟನೇ ಸೀಸನ್ನಿನಲ್ಲಿ ಮೊದಲ ಸಲ ಕಪ್ ಎತ್ತಿದಾಗ ನಮ್ಮ ಕ್ಲಾಸಿಗೆ ಸಿದ್ಧ ಉದಾಹರಣೆ ಸಿಕ್ಕಿತು. 'ಆರ್‌ಸಿಬಿ ವನ್ ದ ಕಪ್. ದೇ ಬೀಟ್ ಪಂಜಾಬ್ ಬೈ 6 ರನ್ಸ್.' ಎರಡು ವಾಕ್ಯದಲ್ಲಿ ಮೂರು ಪಾಠ.

ಚುನಾವಣೆಗೆ ಬಳ್ಳಾರಿಯದೇ ಉದಾಹರಣೆ ಇದೆ. 1999ರ ಲೋಕಸಭಾ ಚುನಾವಣೆಯಲ್ಲಿ ಇಲ್ಲಿ ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್ ಎದುರುಬದುರು ನಿಂತಿದ್ದರು. ಇಡೀ ದೇಶದ ಕಣ್ಣು ಈ ಊರಿನ ಮೇಲಿತ್ತು. ಸೋನಿಯಾ 56 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಇದನ್ನು ಇಂಗ್ಲಿಷಿನಲ್ಲಿ ಬರೆಯಿರಿ ಎಂದರೆ 'ಸೋನಿಯಾ ವನ್ ಇನ್ ದ ಎಲೆಕ್ಷನ್' ಎಂದು ಬರೆಯುತ್ತಾರೆ, ಏಕೆಂದರೆ ನಾವು 'ಚುನಾವಣೆಯಲ್ಲಿ ಗೆದ್ದರು' ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಆ 'ಇನ್' ಬೇಡ. 'ವನ್ ದ ಎಲೆಕ್ಷನ್' ಅಥವಾ 'ವನ್ ದ ಬಳ್ಳಾರಿ ಸೀಟ್' ಎಂದರೆ ಸಾಕು. ಸುಷ್ಮಾ ವಿಷಯ ಬಂದಾಗ 'ಬೀಟ್' ಅಥವಾ 'ಡಿಫೀಟೆಡ್'. ಸುಷ್ಮಾ ಪ್ರಚಾರದಲ್ಲಿ ಕನ್ನಡ ಕಲಿತು ಭಾಷಣ ಮಾಡಿದ್ದನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಸೋತರೂ ಜನರ ಮನಸ್ಸಿನಲ್ಲಿ ಉಳಿದವರ ಬಗ್ಗೆ ಇಂಗ್ಲಿಷ್ ಪತ್ರಕರ್ತರು ಬಳಸುವ ಮಾತು 'ಮಾರಲ್ ವಿಕ್ಟರಿ', ನೈತಿಕ ಗೆಲುವು. ಅಲ್ಲಿ 'ಮಾರಲ್ ವಿನ್' ಎಂದು ಯಾರೂ ಹೇಳುವುದಿಲ್ಲ. ಇಲ್ಲಿಂದ ಎರಡನೇ ಪದಕ್ಕೆ ದಾರಿ.

'ವಿಕ್ಟರಿ' ಬೇರೆ ಮನೆಯ ಪದ. ಅದು ಲ್ಯಾಟಿನ್ನಿನಿಂದ ಫ್ರೆಂಚ್ ಹಾದು ಬಂದದ್ದು. ಅದರ ಬೇರು 'ವಿಂಕೆರೆ', ಅಂದರೆ ಸೋಲಿಸು, ಮಣಿಸು. ಕೇಳಲು 'ವಿನ್' ಥರವೇ ಇದೆ, ಆದರೆ ಎರಡಕ್ಕೂ ನೆಂಟಸ್ತನವಿಲ್ಲ. ಈ ಬೇರಿನ ಇತರ ಮಕ್ಕಳನ್ನು ನೋಡಿ. 'ಇನ್ವಿನ್ಸಿಬಲ್' ಎಂದರೆ ಸೋಲಿಸಲಾಗದವನು. 'ಕನ್ವಿನ್ಸ್' ಎಂದರೆ ವಾದದಲ್ಲಿ ಎದುರಿನವರು ಒಪ್ಪುವಂತೆ ಮಾಡುವುದು. ಪಿಎಸ್ಐ ಪರೀಕ್ಷೆಗೆ ಓದುವವರಿಗೆ ಬೇಕಾದ 'ಕನ್ವಿಕ್ಟ್', ಮನೆ ಖಾಲಿ ಮಾಡಿಸುವ 'ಎವಿಕ್ಟ್', ಎಲ್ಲ ಒಂದೇ ಬಳ್ಳಿಯವು. ಎಲ್ಲದರಲ್ಲೂ ಎದುರಿಗೆ ಯಾರೋ ಇದ್ದಾರೆ. ಹಾಗಾಗಿ 'ವಿಕ್ಟರಿ' ಮುಂದೆ 'ಓವರ್' ಹಾಕಿ ಎದುರಾಳಿಯ ಹೆಸರು ಹೇಳಬಹುದು. 'ವಿಕ್ಟರಿ ಓವರ್ ಬಿಜಾಪುರ್' ಎನ್ನಬಹುದು. ಎದುರಾಳಿಯೇ ಇಲ್ಲದ ಕಡೆ, ಅಂದರೆ ಲಾಟರಿ ಹೊಡೆದಾಗ, 'ವಿಕ್ಟರಿ' ಎಂದರೆ ನಗೆಪಾಟಲು.

ತೂಕದಲ್ಲೂ ವ್ಯತ್ಯಾಸ ಇದೆ. ಗಲ್ಲಿ ಕ್ರಿಕೆಟ್ಟಿನಲ್ಲಿ ಗೆದ್ದು ಬಂದು 'ವಿ ಗಾಟ್ ವಿಕ್ಟರಿ' ಎಂದರೆ ಲುಂಗಿಯ ಮೇಲೆ ಕೋಟು ಹಾಕಿದ ಹಾಗೆ. ಅಲ್ಲಿ 'ವಿ ವನ್' ಸಾಕು. ಯುದ್ಧ, ಚುನಾವಣೆ, ದೊಡ್ಡ ಪಂದ್ಯ, ಕೋರ್ಟಿನ ದೊಡ್ಡ ತೀರ್ಪು ಇವುಗಳಿಗೆ 'ವಿಕ್ಟರಿ' ಒಪ್ಪುತ್ತದೆ. ಜೊತೆಗೆ 'ಗಾಟ್ ವಿಕ್ಟರಿ' ಎಂಬುದು ನಮ್ಮ 'ಜಯ ಪಡೆದರು' ಎಂಬುದರ ಪಡಿಯಚ್ಚು, ಇಂಗ್ಲಿಷ್ ಕಿವಿಗೆ ಹಿಡಿಸುವುದಿಲ್ಲ. 'ವನ್ ಎ ವಿಕ್ಟರಿ' ಎನ್ನಬೇಕು. ಎರಡು ಗೆಲುವು ಒಟ್ಟಿಗೆ ಬಂದಂತೆ ಅನ್ನಿಸಿದರೂ ಅದೇ ಸರಿ.

ನಮ್ಮ ಪಕ್ಕದ ವಿಜಯನಗರವನ್ನು ಇಂಗ್ಲಿಷಿನಲ್ಲಿ 'ಸಿಟಿ ಆಫ್ ವಿಕ್ಟರಿ' ಎನ್ನುತ್ತಾರೆ. 'ಸಿಟಿ ಆಫ್ ವಿನ್' ಎಂದು ಓದಿ ನೋಡಿ, ಆನ್‌ಲೈನ್ ರಮ್ಮಿಯ ಜಾಹೀರಾತಿನಂತೆ ಕೇಳುತ್ತದೆ. ಕೃಷ್ಣದೇವರಾಯನ ಕಾಲದಲ್ಲಿ ಹಂಪಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬರೆದದ್ದರ ಇಂಗ್ಲಿಷ್ ಅನುವಾದದಲ್ಲಿ 'ಹೌಸ್ ಆಫ್ ವಿಕ್ಟರಿ' ಎಂಬ ಕಟ್ಟಡ ಬರುತ್ತದೆ. ರಾಜ ಒರಿಸ್ಸಾದ ಯುದ್ಧದಿಂದ ಮರಳಿದಾಗ ಕಟ್ಟಿಸಿದ್ದು ಎಂದು ಅವನ ವಿವರಣೆ. ಅದು ಮಹಾನವಮಿ ದಿಬ್ಬವೇ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಪ್ರವಾಸಿ ಗೈಡ್ ಆಗಬೇಕೆಂದಿರುವ ಹುಡುಗರು ನನ್ನ ಬಳಿ ಬಂದರೆ ಈ ದಿಬ್ಬದ ಬಗ್ಗೆಯೇ ಹತ್ತು ಸಾಲು ಬರೆಸುತ್ತೇನೆ.

ರಾಯಚೂರಿನವರಿಗೆ ಬೇರೆ ಅಭ್ಯಾಸ. 1520ರ ರಾಯಚೂರು ಯುದ್ಧ. ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾನಿಗೂ ಕೃಷ್ಣಾ ತುಂಗಭದ್ರಾ ನಡುವಿನ ದೋಆಬ್ ನೆಲಕ್ಕಾಗಿ ನಡೆದ ಜಗಳ. ಈ ಒಂದು ಯುದ್ಧದಲ್ಲಿ ನಮಗೆ ಬೇಕಾದ ಎಲ್ಲ ಪದಗಳೂ ಸಿಗುತ್ತವೆ. ರಾಯ ಯುದ್ಧವನ್ನು 'ವನ್'. ಆದಿಲ್ ಶಾನನ್ನು 'ಡಿಫೀಟೆಡ್', ಏಕೆಂದರೆ ಯುದ್ಧದ ಬರಹದಲ್ಲಿ 'ಬೀಟ್' ಸ್ವಲ್ಪ ಹಗುರ. ಕೋಟೆಯನ್ನು 'ಕ್ಯಾಪ್ಚರ್ಡ್'. ನಾಡನ್ನೇ ತನ್ನದಾಗಿಸಿಕೊಂಡರೆ 'ಕಾಂಕರ್ಡ್'. ಎಲ್ಲ ಸೇರಿ ಒಂದು 'ವಿಕ್ಟರಿ'. ಕನ್ನಡದಲ್ಲಿ ಕೋಟೆಯನ್ನೂ ಗೆದ್ದ, ಶತ್ರುವನ್ನೂ ಗೆದ್ದ, ನಾಡನ್ನೂ ಗೆದ್ದ. ಇಂಗ್ಲಿಷಿನಲ್ಲಿ ಒಂದೊಂದಕ್ಕೂ ಒಂದೊಂದು ಬಾಗಿಲು.

'ಪಿರಿಕ್ ವಿಕ್ಟರಿ' ಎಂಬ ಮಾತು ಪರೀಕ್ಷೆಗಳಲ್ಲಿ ಬರುತ್ತಿರುತ್ತದೆ. ಗ್ರೀಸಿನ ಎಪಿರಸ್ ಎಂಬ ರಾಜ್ಯದ ದೊರೆ ಪಿರಸ್ ಕ್ರಿಸ್ತಪೂರ್ವ 279ರಲ್ಲಿ ಆಸ್ಕುಲಮ್ ಎಂಬಲ್ಲಿ ರೋಮನ್ನರನ್ನು ಸೋಲಿಸಿದ. ಆದರೆ ಅವನ ಆಪ್ತರು, ಸೇನಾಪತಿಗಳು, ಒಳ್ಳೆಯ ಸೈನಿಕರು ಬಹಳ ಜನ ಸತ್ತಿದ್ದರು. ಇಂಥ ಇನ್ನೊಂದು ಗೆಲುವು ಬಂದರೆ ನಾವು ಮುಗಿದಂತೆ ಎಂದನಂತೆ. ಇದನ್ನು ವಿವರಿಸಲು ನಾನು ಗ್ರೀಸಿಗೆ ಹೋಗುವುದಿಲ್ಲ. ಜಮೀನಿನ ವ್ಯಾಜ್ಯಕ್ಕೆ ಕೋರ್ಟು ಅಲೆದ ಮನೆಗಳು ನಮ್ಮ ಸುತ್ತ ಎಷ್ಟಿಲ್ಲ? 'ಗೆದ್ದವನು ಸೋತ, ಸೋತವನು ಸತ್ತ' ಎಂಬ ಗಾದೆ ಹೇಳಿದರೆ ಹಿಂದಿನ ಬೆಂಚಿನವನಿಗೂ ಪಿರಸ್ ಅರ್ಥವಾಗುತ್ತಾನೆ.

ಎರಡು ಬೆರಳಿನ 'ವಿ' ಬಗ್ಗೆಯೂ ಕೇಳುತ್ತಾರೆ. ಬಳ್ಳಾರಿ ಗುಡ್ಡದ ಕೋಟೆಯ ಮೇಲೆ ಸೆಲ್ಫಿ ತೆಗೆಯುವವರೆಲ್ಲ ಅದನ್ನು ತೋರಿಸುತ್ತಾರೆ. 1941ರ ಜನವರಿಯಲ್ಲಿ ವಿಕ್ಟರ್ ಡಿ ಲಾವಲೇ ಎಂಬ ಬೆಲ್ಜಿಯಂ ದೇಶದವರು ಬಿಬಿಸಿ ರೇಡಿಯೊದಲ್ಲಿ ಈ ಅಕ್ಷರವನ್ನು ಗುರುತಾಗಿ ಬಳಸಿ ಎಂದು ತಮ್ಮ ಜನರಿಗೆ ಕರೆ ಕೊಟ್ಟರು. ಚರ್ಚಿಲ್ ಅದನ್ನು ಜಗತ್ತಿಗೆಲ್ಲ ಗೊತ್ತು ಮಾಡಿದರು. ಅಂಗೈ ಹೊರಗೆ ಕಾಣುವಂತೆ ತೋರಿಸಬೇಕು. ಬ್ರಿಟನ್ನಿನಲ್ಲಿ ಕೈ ತಿರುಗಿಸಿ ತೋರಿಸಿದರೆ ಅದು ಬೈಗುಳ. ಅಲ್ಲಿಗೆ ಓದಲು ಹೋಗುವವರಿಗೆ ತಿಳಿದಿರಲಿ.

'ಟ್ರಯಂಫ್' ಪದಕ್ಕೆ ಮೊದಲು ಮೆರವಣಿಗೆ ಎಂದೇ ಅರ್ಥ. ಗೆದ್ದು ಬಂದ ರೋಮನ್ ಸೇನಾಪತಿ ರಥ ಏರಿ ನಗರದಲ್ಲಿ ಸಾಗಿ ಜ್ಯೂಪಿಟರ್ ದೇವಾಲಯಕ್ಕೆ ಹೋಗುತ್ತಿದ್ದ, ಅದು ಟ್ರಯಂಫ್. ಈಗ ಕಷ್ಟಪಟ್ಟು ಬಂದ, ಸಂಭ್ರಮ ತಂದ ಗೆಲುವಿಗೆ ಮಾತ್ರ ಬಳಸಿ. ಪ್ರತಿ ಪಂದ್ಯಕ್ಕೂ ಬಳಸಿದರೆ ಪದ ಸವೆಯುತ್ತದೆ. 'ವಿಕ್ಟರಿ ಪೆರೇಡ್' ಎಂಬ ಮಾತು ಆರ್‌ಸಿಬಿ ಗೆದ್ದ ಮರುದಿನ ಎಲ್ಲ ಕನ್ನಡಿಗರ ಬಾಯಲ್ಲಿತ್ತು. ಅದೇ ದಿನ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಹಾಗಾಗಿ ಆ ಮಾತಿಗೆ ಉದಾಹರಣೆ ಕೊಡುವಾಗ ನಾನು ರೋಮಿನದೇ ಕೊಡುತ್ತೇನೆ.

'ವಿನ್-ವಿನ್' ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇಬ್ಬರಿಗೂ ಲಾಭ ಎಂದು ಅರ್ಥ. ಮಾರಾಟದವರು ಈ ಪದ ಹೇಳಿದಾಗ ಕಾಗದ ಇನ್ನೊಮ್ಮೆ ಓದಿ.

ಉಚ್ಚಾರಣೆ ಒಂದು ಉಳಿಯಿತು. 'ವಿನ್' ಭೂತಕಾಲವನ್ನು ಬರೆಯುವುದು ಡಬ್ಲ್ಯು, ಓ, ಎನ್. ಹುಡುಗರು ಅಕ್ಷರ ನೋಡಿ 'ವಾನ್' ಎನ್ನುತ್ತಾರೆ. ಅದು 'ವನ್', ಸಂಖ್ಯೆ ಒಂದಕ್ಕೆ ಹೇಳುವ ಹಾಗೆಯೇ. ಸಂದರ್ಶನಕ್ಕೆ ಹೋಗುವವರು ಶಾಲೆಯಲ್ಲಿ ಗೆದ್ದ ಬಹುಮಾನಗಳ ಬಗ್ಗೆ ಹೇಳುವಾಗ ಈ ಪದವನ್ನು ನಾಲ್ಕಾರು ಸಲ ಬಳಸುತ್ತಾರೆ. ಪ್ರತಿ ಸಲ 'ವಾನ್' ಎಂದರೆ ಕೇಳುವವರ ಗಮನ ಬಹುಮಾನದ ಮೇಲಿರುವುದಿಲ್ಲ. 'ವಿನ್ಡ್' ಎನ್ನುವವರೂ ಇದ್ದಾರೆ, ಆ ರೂಪವೇ ಇಲ್ಲ.

ಗ್ರಾಮ ಪಂಚಾಯಿತಿ ಫಲಿತಾಂಶ ಬಂದ ವಾರ ಫ್ಲೆಕ್ಸ್ ಅಂಗಡಿಗಳಿಗೆ ಬಿಡುವಿರುವುದಿಲ್ಲ. ಅಭಿನಂದನೆಯ ಇಂಗ್ಲಿಷ್ ಸಾಲು ತಿದ್ದಿಕೊಡಿ ಎಂದು ನನಗೂ ವಾಟ್ಸಾಪ್ ಬರುತ್ತದೆ. ಹೆಚ್ಚಿನವರು ಕಳಿಸುವುದು 'ಕಂಗ್ರಾಜುಲೇಷನ್ಸ್ ಫಾರ್ ಯುವರ್ ವಿಕ್ಟರಿ'. ಅಲ್ಲಿ 'ಫಾರ್' ತೆಗೆದು 'ಆನ್' ಹಾಕಿ. ಅವಿರೋಧ ಆಯ್ಕೆಯಾಗಿದ್ದರೆ 'ವಿಕ್ಟರಿ' ಎಂಬುದನ್ನೂ ತೆಗೆದು 'ಎಲೆಕ್ಟೆಡ್ ಅನಪೋಸ್ಡ್' ಎಂದು ಬರೆಸಿ.